ಪದ ಪರಿಚಯ: ವಾದ್ಯವೃಂದದ ಅಂಕಿಸಾಲು

ಪಾಶ್ಚಾತ್ಯ ವಾದ್ಯವೃಂದದ ಕೃತಿಯೊಂದರ ವಿವರ ತೆರೆದರೆ ‘2.2.2.2 – 4.2.3.1 – ಟಿಂಪನಿ – ತಂತಿ’ ಎಂಬಂಥ ಸಾಲು ಕಣ್ಣಿಗೆ ಬೀಳುತ್ತದೆ. ಮದುವೆ ಮನೆಯ ಅಡುಗೆಯವರು ‘ಎಷ್ಟು ಎಲೆ?’ ಎಂದು ಕೇಳುತ್ತಾರಲ್ಲ, ಇದೂ ಅಂಥದೇ ಲೆಕ್ಕ. ಕೃತಿ ನುಡಿಸಲು ಎಷ್ಟು ಮಂದಿ ಬೇಕು ಎಂಬುದನ್ನು ವೃಂದದ ವ್ಯವಸ್ಥಾಪಕರು ಈ ಒಂದು ಸಾಲಿನಿಂದ ತಿಳಿದುಕೊಳ್ಳುತ್ತಾರೆ.

ಮೊದಲ ನಾಲ್ಕು ಅಂಕಿಗಳು ಮರದ ಊದುವಾದ್ಯಗಳಿಗೆ ಸಲ್ಲುತ್ತವೆ: ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್. ಗೀಟಿನಾಚೆಯ ನಾಲ್ಕು ಹಿತ್ತಾಳೆಯ ವಾದ್ಯಗಳಿಗೆ: ಹಾರ್ನ್, ಟ್ರಂಪೆಟ್, ಟ್ರೊಂಬೋನ್, ಟ್ಯೂಬಾ. ಸ್ವರಲಿಪಿಯ ಪುಟದಲ್ಲಿ ಮೇಲಿನಿಂದ ಕೆಳಗೆ ಇವು ಬರುವ ಸರದಿಯೂ ಇದೇ. ಈ ಎಂಟು ವಾದ್ಯಗಳ ಹೆಸರು ಸಾಲಿನಲ್ಲಿ ಇರುವುದಿಲ್ಲ, ಸ್ಥಾನ ನೋಡಿಯೇ ಗುರುತಿಸಬೇಕು. ಹಾಗಾಗಿ ಇಲ್ಲದ ವಾದ್ಯಕ್ಕೂ ಸೊನ್ನೆ ಬರೆಯಲೇಬೇಕು. ಮೊಜಾರ್ಟ್ 1788ರಲ್ಲಿ ಬರೆದ 40ನೇ ಸಿಂಫನಿಯ ಮೊದಲ ರೂಪ 1.2.0.2 – 2.0.0.0. ಅದರಲ್ಲಿ ಕ್ಲಾರಿನೆಟ್ ಇಲ್ಲ. ಆಮೇಲೆ ಮೊಜಾರ್ಟನೇ ಎರಡು ಕ್ಲಾರಿನೆಟ್ ಸೇರಿಸಿದಾಗ ಅದು 1.2.2.2 ಆಯಿತು. ಎರಡೂ ರೂಪಗಳು ಇಂದಿಗೂ ಬಳಕೆಯಲ್ಲಿವೆ. ವೇದಿಕೆಯಲ್ಲಿ ನುಡಿಸುತ್ತಿರುವುದು ಯಾವುದು ಎಂಬುದು ಮೂರನೆಯ ಅಂಕಿಯಿಂದಲೇ ಗೊತ್ತಾಗುತ್ತದೆ.

ಹೊಸಬರು ಎಡವುವ ಜಾಗ ಮುಂದಿದೆ. ಎಲೆ ಎಣಿಸಿದರೆ ಉಣ್ಣುವವರ ಲೆಕ್ಕ ಸಿಗುತ್ತದೆಯೇ ಹೊರತು ಬಡಿಸುವ ಬಗೆಗಳದ್ದಲ್ಲ. ಇಲ್ಲಿಯೂ ಅಂಕಿ ಎಣಿಸುವುದು ವಾದಕರನ್ನು, ವಾದ್ಯಗಳನ್ನಲ್ಲ. ಡ್ವೊರಾಕನ ‘ನ್ಯೂ ವರ್ಲ್ಡ್’ ಸಿಂಫನಿಯನ್ನು (1893) ನೋಡಿ. ಅದರ ಸಾಲು ನಾನು ಆರಂಭದಲ್ಲಿ ಕೊಟ್ಟದ್ದೇ: 2.2.2.2 – 4.2.3.1. ಆದರೆ ಕೇಳುಗರ ಮನಸ್ಸಿನಲ್ಲಿ ಉಳಿಯುವ ಎರಡನೇ ಭಾಗದ ರಾಗವನ್ನು ನುಡಿಸುವುದು ಇಂಗ್ಲಿಷ್ ಹಾರ್ನ್. ಸಾಲಿನಲ್ಲಿ ಅದು ಎಲ್ಲಿದೆ? ಹೆಸರಿನಲ್ಲಿ ಹಾರ್ನ್ ಇದ್ದರೂ ಅದು ಓಬೋ ಕುಲದ ವಾದ್ಯ. ಓಬೋ ವಾದಕರಲ್ಲಿ ಒಬ್ಬರು ತಮ್ಮ ವಾದ್ಯವನ್ನು ಕೆಳಗಿಟ್ಟು ಅದನ್ನು ಎತ್ತಿಕೊಳ್ಳಲಿ ಎಂಬುದು ಲೆಕ್ಕಾಚಾರ. ಆದ್ದರಿಂದ ಅದು ಎರಡನೆಯ ‘2’ರೊಳಗೆ ಅಡಗಿ ಕೂತಿದೆ. ಎಚ್ಚರದ ಪಟ್ಟಿಗಳು ಇಂಥ ಅದಲುಬದಲನ್ನು ಆವರಣದಲ್ಲಿ ತೋರಿಸುತ್ತವೆ. ಬರಿಯ ಅಂಕಿಗಳನ್ನು ನಂಬಿಕೊಂಡವರಿಗೆ ತಾಲೀಮಿನ ದಿನ ಇಂಗ್ಲಿಷ್ ಹಾರ್ನ್ ಇಲ್ಲವೆಂಬುದು ಗೊತ್ತಾದರೆ ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಅದೇ ಸಾಲಿನ ಕೊನೆಯ ‘1’ ಟ್ಯೂಬಾ. ಸುಮಾರು 40 ನಿಮಿಷಗಳ ಕೃತಿಯಲ್ಲಿ ಅದಕ್ಕೆ ಎರಡನೇ ಭಾಗದಲ್ಲಿ ಮಾತ್ರ ಕೆಲಸ, ಅದೂ ಕೆಲವೇ ಸ್ವರ. ಆದರೂ ಆ ಭಾಗವನ್ನು ತೆರೆಯುವ ಹಿತ್ತಾಳೆಯ ನಾದಕ್ಕೆ ತಳಪಾಯ ಆ ಸ್ವರಗಳೇ. ಅಷ್ಟಕ್ಕಾಗಿ ಒಬ್ಬರನ್ನು ಕರೆಸಲೇಬೇಕು.

ಉಳಿದದ್ದು ಸುಲಭ. ‘ಟಿಂಪನಿ + 3’ ಎಂದರೆ ಟಿಂಪನಿಗೆ ಒಬ್ಬರು, ಮಿಕ್ಕ ತಾಳವಾದ್ಯಗಳನ್ನೆಲ್ಲ ಹಂಚಿಕೊಂಡು ನುಡಿಸಲು ಮೂವರು. ತಂತಿವಾದ್ಯಗಳಿಗೆ ಸಾಮಾನ್ಯವಾಗಿ ಸಂಖ್ಯೆ ಇರುವುದಿಲ್ಲ. ಕೊಟ್ಟರೆ 14.12.10.8.6 ಎಂಬಂತೆ ಐದು ಬರುತ್ತವೆ: ಮೊದಲ ವಯೊಲಿನ್, ಎರಡನೇ ವಯೊಲಿನ್, ವಿಯೋಲಾ, ಚೆಲ್ಲೊ, ಡಬಲ್ ಬಾಸ್.

ಈಗ 1913ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರದರ್ಶನಗೊಂಡ ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ನ ಸಾಲನ್ನು ನೀವೇ ಓದಿ: 5.5.5.5 – 8.5.3.2. ಮೊಜಾರ್ಟನ ಆ ಮೊದಲ ರೂಪಕ್ಕೆ ಊದುವವರು 7 ಮಂದಿ ಸಾಕಾಗಿತ್ತು. ಇಲ್ಲಿ 38 ಕುರ್ಚಿ ಹಾಕಬೇಕು.