ಬೇವಿನ ಕಷಾಯ ಪರೀಕ್ಷಿಸಲು ಒಂದು ದಿನ ಸಾಲದು

ಬೆಂಗಳೂರಿನ ತಾರಸಿ ತೋಟಗಳಲ್ಲಿ ಆಲೂಗಡ್ಡೆ, ಬದನೆ ಬೆಳೆಯುವವರು ಎಲೆ ಜರಡಿಯಂತಾದಾಗ ಬೇವಿನ ಕಷಾಯ ಸಿಂಪಡಿಸಿ, ಮರುದಿನ ಹುಳು ಕಾಣದಿದ್ದರೆ ಅದನ್ನು ಹೊಗಳುತ್ತಾರೆ, ಕಂಡರೆ ಕೈಬಿಡುತ್ತಾರೆ. ಎರಡೂ ಅವಸರದ ತೀರ್ಮಾನಗಳೇ.

ನಮ್ಮಲ್ಲಿ ಈ ಹಾನಿ ಮಾಡುವುದು 28 ಚುಕ್ಕೆಗಳ ಎಪಿಲಾಕ್ನಾ ದುಂಬಿ. ಸಸ್ಯಹೇನುಗಳನ್ನು ತಿಂದು ಉಪಕರಿಸುವ ಗುಲಗಂಜಿ ಹುಳುವಿನ ಕುಟುಂಬಕ್ಕೇ ಸೇರಿದ್ದರೂ ಇದು ಸಸ್ಯಾಹಾರಿ. ಮೈತುಂಬ ಕವಲುಮುಳ್ಳುಗಳಿರುವ ಇದರ ಹಳದಿ ಮರಿಹುಳು ಎಲೆಯ ಹಸಿರನ್ನು ಕೆರೆದು ತಿಂದು ಜಾಲರಿಯನ್ನಷ್ಟೇ ಉಳಿಸುತ್ತದೆ.

ಕೀಟದ ಹೊರಕವಚ ಮೈಯೊಡನೆ ಹಿಗ್ಗುವುದಿಲ್ಲ. ಬೆಳೆಯುವ ಮಗುವಿಗೆ ಹಳೆಯ ಅಂಗಿ ಬಿಗಿಯಾದಂತೆ ಅದೂ ಬಿಗಿಯಾಗುತ್ತದೆ. ಆದರೆ ಇಲ್ಲಿ ಅಂಗಿಯೇ ಅಸ್ಥಿಪಂಜರವಾದ್ದರಿಂದ, ಮನೆಯೊಳಗೆ ವಾಸವಿದ್ದುಕೊಂಡೇ ಹೊಸ ಗೋಡೆ ಕಟ್ಟಿ ಹಳೆಯದನ್ನು ಕೆಡವಿದಂತೆ ಅದನ್ನು ಬದಲಿಸಬೇಕು. ಈ ಕೆಲಸಕ್ಕೆ ಅಪ್ಪಣೆ ಕೊಡುವ ಹಾರ್ಮೋನು ಎಕ್ಡೈಸೋನ್. 1968ರಲ್ಲಿ ವಿಜ್ಞಾನಿಗಳಾದ ಬಟರ್‌ವರ್ತ್ ಮತ್ತು ಮಾರ್ಗನ್ ಬೇವಿನ ಬೀಜದಿಂದ ಬೇರ್ಪಡಿಸಿದ ಅಜಾಡಿರಾಕ್ಟಿನ್, ಆ ಅಪ್ಪಣೆ ಹೊರಡುವುದಕ್ಕೇ ಅಡ್ಡಿಪಡಿಸುತ್ತದೆ. ಕಷಾಯದಲ್ಲಿ ಅದ್ದಿದ ಎಲೆ ಕೊಟ್ಟು ನಾನು ತಟ್ಟೆಯಲ್ಲಿಟ್ಟು ನೋಡಿದ ಒಂದು ಮರಿಹುಳು ಆರನೆಯ ದಿನ ಬೆನ್ನಿನ ಹಳೆಯ ಪೊರೆಯನ್ನು ಸೀಳಿಕೊಂಡು, ತಲೆ ಬಿಡಿಸಿಕೊಳ್ಳಲಾಗದೆ ಹಾಗೆಯೇ ಸತ್ತಿತ್ತು. ಮೊದಲ ದಿನವೇ ಲೆಕ್ಕ ಮುಗಿಸಿದ್ದರೆ ಅದು ಬದುಕಿದವುಗಳ ಪಟ್ಟಿಗೆ ಸೇರುತ್ತಿತ್ತು.

ಶೇ. 5ರ ಕಷಾಯಕ್ಕೆ ಬೇವಿನ ಬೀಜದ ತಿರುಳಿನ ಪುಡಿ 50 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಸಿ, ಸೋಸಿ, ಎಲೆಗೆ ಅಂಟಲೆಂದು ತುಸು ಸೋಪು ಬೆರೆಸುತ್ತಾರೆ. ಮೆದುಮೈಯ ಕೀಟಗಳನ್ನು ಸೋಪೇ ಕೊಲ್ಲಬಲ್ಲದು. ಆದ್ದರಿಂದ ಅಷ್ಟೇ ಸೋಪು ಬೆರೆಸಿದ ಬರಿಯ ನೀರಿನಲ್ಲಿ ಅದ್ದಿದ ಎಲೆಗಳನ್ನೂ ಅಷ್ಟೇ ಸಂಖ್ಯೆಯ ಮರಿಹುಳುಗಳಿಗೆ ಕೊಡದೆ ಯಾವ ಪರೀಕ್ಷೆಯೂ ಪೂರ್ಣವಾಗದು. ಕಷಾಯದಲ್ಲಿ 20ಕ್ಕೆ 8, ನೀರಿನಲ್ಲಿ 20ಕ್ಕೆ 2 ಸತ್ತರೆ, ಕೀಟತಜ್ಞ ಆಬಟ್ 1925ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಕಷಾಯದ ಪಾಲು ಶೇ. 40 ಅಲ್ಲ, ಸುಮಾರು ಶೇ. 33: ನೀರಿನಲ್ಲಿ ಬದುಕಿದವು 18, ಕಷಾಯದಲ್ಲಿ 12, ಅಂದರೆ 18ರಲ್ಲಿ 6 ಕಡಿಮೆ.

ಸಸ್ಯಮೂಲದ್ದೆಲ್ಲ ನಿರಪಾಯವೆಂಬ ನಂಬಿಕೆ ನನ್ನನ್ನು ಕಳವಳಗೊಳಿಸುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಮನುಷ್ಯರಿಗೂ ವಿಷ. ಹಾಗೆಂದು ಅವಸರದ ರಾಸಾಯನಿಕವೂ ಉತ್ತರವಲ್ಲ: ನಮ್ಮ ದೇಶದಲ್ಲಿಲ್ಲದ ಕೊಲೊರಾಡೊ ದುಂಬಿ 1859ರ ಸುಮಾರಿಗೆ ಅಮೆರಿಕದ ನೆಬ್ರಾಸ್ಕದಲ್ಲಿ ಆಲೂಗಡ್ಡೆಗೆ ಹತ್ತಿ, 1874ರ ವೇಳೆಗೆ ಅಟ್ಲಾಂಟಿಕ್ ತೀರ ಮುಟ್ಟಿತು, ಆರ್ಸೆನಿಕ್ ಇರುವ ಪ್ಯಾರಿಸ್ ಗ್ರೀನ್‌ನಿಂದ ಡಿಡಿಟಿಯವರೆಗೆ ಎರಚಿದ ಮೇಲೂ ಅದು ಒಂದೊಂದಕ್ಕೂ ನಿರೋಧ ಬೆಳೆಸಿಕೊಳ್ಳುತ್ತ ಬಂತು.

ತಟ್ಟೆಯಲ್ಲಿ ಗೆದ್ದ ಕಷಾಯವನ್ನು ಮತ್ತೆ ಗಿಡದ ಮೇಲೂ ಪರೀಕ್ಷಿಸಬೇಕು, ಏಕೆಂದರೆ ಬಿಸಿಲಿನಲ್ಲಿ ಅಜಾಡಿರಾಕ್ಟಿನ್ ಬೇಗ ನಾಶವಾಗುತ್ತದೆ. ಸಂಜೆ, ಮರಿಹುಳುಗಳು ಮೇಯುವ ಎಲೆಯ ಅಡಿಭಾಗವೂ ನೆನೆಯುವಂತೆ ಸಿಂಪಡಿಸಿ, ವಾರದ ನಂತರ ಎಣಿಸಬೇಕು. ಸತ್ತ ಹುಳುಗಳ ಜೊತೆಗೆ, ಹಸಿರು ಉಳಿದ ಎಲೆಗಳನ್ನೂ.