ಇನ್ನೊಂದು ಕೆನ್ನೆ ಮತ್ತು ಏಳು ಗಂಟೆಯ ಧಾರಾವಾಹಿ

ಕಾಫಿ ಕೊಯ್ಲು ಮುಗಿದ ಮೇಲೆ ನನ್ನ ಹತ್ತಿರ ಬರುವವರು ಜಾಸ್ತಿ. ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೂಲಿಯವರ ಲೈನ್ ಮನೆಗಳ ಹೆಂಗಸರಿಗೆ ಕೂತು ಅಳುವುದಕ್ಕೂ ಪುರುಸೊತ್ತು ಇರುವುದಿಲ್ಲ. ನಾನು ವಿರಾಜಪೇಟೆಯಲ್ಲಿ ಕುಟುಂಬ ಸಮಾಲೋಚಕಿ. ಮದುವೆಗೆ ನಿಂತ ಕ್ರೈಸ್ತ ಜೋಡಿಗಳ ತಯಾರಿ ತರಗತಿಯಲ್ಲಿ ಪಾಠವನ್ನೂ ಮಾಡುತ್ತೇನೆ. ಈ ವರ್ಷ ಮಾರ್ಚ್‌ನಲ್ಲಿ ಸಿದ್ದಾಪುರ ಕಡೆಯಿಂದ ಒಬ್ಬಳು ಬಂದಳು. ಗುರುತು ಸಿಗದ ಹಾಗೆ ಅವಳ ವಿವರ ಬದಲಿಸಿದ್ದೇನೆ. ಎಡಗಣ್ಣಿನ ಕೆಳಗೆ ಊತ ಇತ್ತು. ಏನಾಯಿತು ಅಂತ ನಾನು ಕೇಳುವ ಮೊದಲೇ ಅವಳೇ ಕೇಳಿದಳು. “ಅಕ್ಕಾ, ಇನ್ನೊಂದು ಕೆನ್ನೆ ತೋರಿಸು ಅಂತ ಯೇಸುಸ್ವಾಮಿನೇ ಹೇಳಿದ್ದಾರಲ್ವಾ?”

ಆಮೇಲೆ ಒಂದು ಧಾರಾವಾಹಿಯ ಕಥೆ ಹೇಳಿದಳು. ಅದರಲ್ಲಿ ಕ್ರೈಸ್ತ ಸೊಸೆ ಇದ್ದಾಳೆ. ಗಂಡ ಹೊಡೆದಾಗಲೆಲ್ಲ ಮರಿಯ ಮಾತೆಯ ಪ್ರತಿಮೆಯ ಮುಂದೆ ಮೊಣಕಾಲೂರುತ್ತಾಳೆ. ಮೇಣದಬತ್ತಿ ಹಚ್ಚುತ್ತಾಳೆ. ಹಿಂದೆ ಪಿಯಾನೋ ಕೇಳಿಸುತ್ತದೆ. ಕೊನೆಗೆ ಗಂಡ ಅತ್ತು ಅವಳ ಕೈ ಹಿಡಿಯುತ್ತಾನೆ. “ಅವಳಿಗೆ ಹಾಗಾಯ್ತಲ್ಲ ಅಕ್ಕಾ, ನಂಗೂ ಆಗುತ್ತೆ ಅಂತ ಕಾಯ್ತಾ ಇದ್ದೀನಿ” ಅಂದಳು. ಆ ಗಂಡ ಬದಲಾಗಲು ಇಪ್ಪತ್ತು ಕಂತು ಸಾಕಾಯಿತು. ಇವಳು ಕಾಯುತ್ತಿರುವುದು ಆರು ವರ್ಷದಿಂದ.

ನನ್ನ ಕೋಣೆಯಲ್ಲಿ ಈ ಮಾತು ಕೇಳಿದ್ದು ಅದೇ ಮೊದಲಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಧಾರಾವಾಹಿಗಳಲ್ಲಿ ಕ್ರೈಸ್ತ ಪಾತ್ರಕ್ಕೆ ನಂಬಿಕೆ ಅಂದರೆ ಬಹುಪಾಲು ಒಂದೇ ಅರ್ಥ: ಸಹಿಸುವುದು. ಒಳ್ಳೆಯ ಕ್ರೈಸ್ತಳು ಸಹಿಸುತ್ತಾಳೆ. ಕೆಟ್ಟ ಕ್ರೈಸ್ತ ಕುಡಿಯುತ್ತಾನೆ. ಫಾದರ್ ಬಂದು ತಲೆ ಮೇಲೆ ಕೈಯಿಟ್ಟು “ಕ್ಷಮಿಸು ಮಗಳೇ” ಅನ್ನುತ್ತಾರೆ. ಅಲ್ಲಿಗೆ ಧರ್ಮ ಮುಗಿಯಿತು. ನಾನೂ ಇದೇ ನಂಬಿಕೆಯಲ್ಲಿ ಹುಟ್ಟಿ ಬೆಳೆದವಳು. ನನಗೆ ಗೊತ್ತಿರುವ ನಂಬಿಕೆ ಅಷ್ಟು ಸಣ್ಣದಲ್ಲ.

ಕೆನ್ನೆಯ ಮಾತನ್ನೇ ನೋಡೋಣ. ಅದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಸೇಡು ತೀರಿಸಬೇಡಿ ಅನ್ನುವ ಬೋಧನೆಯ ನಡುವೆ ಬರುತ್ತದೆ. ಆದರೆ ಯೇಸುವಿಗೇ ಒಬ್ಬ ಕಪಾಳಕ್ಕೆ ಹೊಡೆದ ಸಂದರ್ಭವೂ ಬೈಬಲಿನಲ್ಲಿದೆ, ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿ. ಮಹಾಯಾಜಕನ ಮುಂದೆ ವಿಚಾರಣೆ ನಡೆಯುವಾಗ ಕಾವಲಿನವನೊಬ್ಬ ಹೊಡೆಯುತ್ತಾನೆ. ಆಗ ಯೇಸು ಸುಮ್ಮನಿರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ಅದು ಯಾವುದು ಅಂತ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ತಿರುಗಿ ಹೊಡೆಯಲಿಲ್ಲ, ಆದರೆ ಕೇಳದೆ ಬಿಡಲೂ ಇಲ್ಲ. ನಾನು ಆ ಪುಟ ತೆಗೆದು ಅವಳ ಮುಂದಿಟ್ಟೆ. ಎರಡು ಸಲ ಓದಿದಳು. ಪ್ರತಿ ಭಾನುವಾರ ಚರ್ಚಿನ ಬಲಿಪೂಜೆಗೆ ಹೋಗುವ ಹೆಂಗಸು ಅವಳು. ಹಾಗಿದ್ದೂ ಧಾರಾವಾಹಿ ತೋರಿಸಿದ ಕೆನ್ನೆ ಅವಳಿಗೆ ನೆನಪಿತ್ತು, ಇದು ನೆನಪಿರಲಿಲ್ಲ.

ಇನ್ನು ಪಾಪನಿವೇದನೆ, ಅಂದರೆ ಮಾಡಿದ ಪಾಪವನ್ನು ಫಾದರ್ ಹತ್ತಿರ ಹೇಳಿಕೊಂಡು ಕ್ಷಮೆ ಕೇಳುವುದು. ಟಿವಿಯವರಿಗೆ ಇದು ಬಹಳ ಇಷ್ಟದ ದೃಶ್ಯ. ಮರದ ಜಾಲರಿ, ಅರ್ಧ ಕತ್ತಲು, ಪಿಸುಮಾತು. ಕೊಲೆ ಮಾಡಿದವನು ಬಂದು ಹೇಳಿಕೊಳ್ಳುತ್ತಾನೆ, ಹೊರಗೆ ಬರುವಾಗ ಹಗುರಾಗಿರುತ್ತಾನೆ. ಕೆಲವು ಕಥೆಗಳಲ್ಲಿ ಫಾದರ್ ಮಾರನೇ ದಿನ ಪೊಲೀಸ್ ಠಾಣೆಯಲ್ಲಿರುತ್ತಾರೆ. ಎರಡೂ ತಪ್ಪು. ನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು, ಅಂದರೆ ಫಾದರ್, ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಹಾಗೆ ಬಯಲು ಮಾಡಿದ ಗುರುವನ್ನು ಪದವಿಯಿಂದ ಇಳಿಸಿ, ಬದುಕಿಡೀ ಪ್ರಾಯಶ್ಚಿತ್ತಕ್ಕೆ ಮಠದಲ್ಲಿಡಬೇಕು ಅಂತ 1215ರಲ್ಲಿ ರೋಮಿನಲ್ಲಿ ಸೇರಿದ ಚರ್ಚಿನ ಲ್ಯಾಟರನ್ ಮಹಾಸಭೆಯೇ ವಿಧಿಸಿತ್ತು. ಇಂದಿನ ಕೆಥೊಲಿಕ್ ಧರ್ಮಸಭೆಯ (ಚರ್ಚ್ ಸಂಸ್ಥೆಯ) ಕಾನೂನಿನಲ್ಲಿ ಅದಕ್ಕೆ ಬಹಿಷ್ಕಾರವೇ ಶಿಕ್ಷೆ.

ನನ್ನ ಕೆಲಸಕ್ಕೆ ಇದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಆ ‘ಹಗುರಾಗುವುದು’. ನಿವೇದನೆಯಲ್ಲಿ ಹೇಳಿಕೊಳ್ಳುವುದು ಒಂದು ಭಾಗ ಮಾತ್ರ. ನಿಜವಾದ ಪಶ್ಚಾತ್ತಾಪ ಬೇಕು. ಮತ್ತೆ ಮಾಡುವುದಿಲ್ಲ ಅನ್ನುವ ತೀರ್ಮಾನ ಬೇಕು. ಆದ ನಷ್ಟವನ್ನು ಕೈಲಾದಷ್ಟು ತುಂಬಿಕೊಡಬೇಕು. ಕದ್ದಿದ್ದರೆ ಹಿಂದಿರುಗಿಸಬೇಕು, ಮಾನ ಕಳೆದಿದ್ದರೆ ಸರಿಪಡಿಸಬೇಕು, ಗಾಯ ಮಾಡಿದ್ದರೆ ಪರಿಹಾರ ಕೊಡಬೇಕು ಅಂತ ಧರ್ಮಸಭೆಯ ಧರ್ಮೋಪದೇಶ ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇದೆ. ಬೈಬಲಿನಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯ ಯೇಸುವಿನ ಮುಂದೆ ಬರೀ ಕಣ್ಣೀರು ಹಾಕಲಿಲ್ಲ. ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆ ಅಂದ. ಈ ಹೆಂಗಸಿನ ಗಂಡ ಪ್ರತಿ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬದ ಮುಂಚಿನ ಉಪವಾಸದ ವಾರಗಳಲ್ಲಿ, ನಿವೇದನೆಗೆ ಹೋಗುತ್ತಾನಂತೆ. ಮನೆಗೆ ಬಂದು, “ದೇವರೇ ಕ್ಷಮಿಸಿ ಆಯ್ತು, ನಿಂದೇನು?” ಅನ್ನುತ್ತಾನಂತೆ. ಈಸ್ಟರ್ ಕಳೆದು ವಾರಕ್ಕೆ ಮತ್ತೆ ಕೈ ಎತ್ತುತ್ತಾನೆ. ಅವನ ನಾಲ್ಕು ಪಟ್ಟು ಎಲ್ಲಿ ಅಂತ ಅವಳನ್ನು ಯಾರೂ ಕೇಳಿರಲಿಲ್ಲ.

ಕ್ಷಮಿಸುವುದು ಬೇರೆ, ಅದೇ ಮನೆಗೆ ವಾಪಸ್ ಹೋಗುವುದು ಬೇರೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗ ಹುಡುಗಿಯರು ಮುಖ ಮುಖ ನೋಡುತ್ತಾರೆ. ಕ್ರೈಸ್ತ ಮದುವೆ ಅಂದರೆ ಸತ್ತರೂ ಬಿಡುವಂತಿಲ್ಲ ಅಂತಲೇ ಅವರು ನೋಡಿ ಬೆಳೆದದ್ದು. ಮದುವೆಯ ಬಂಧ ಮುರಿಯುವುದಿಲ್ಲ ಅನ್ನುವುದು ಕೆಥೊಲಿಕ್ ಬೋಧನೆ, ಹೌದು. ಆದರೆ ಸಂಗಾತಿಯಿಂದ ಮೈಗೋ ಮನಸ್ಸಿಗೋ ಮಕ್ಕಳಿಗೋ ಗಂಭೀರ ಅಪಾಯ ಇದ್ದರೆ ಬೇರೆ ಇರಲು ನ್ಯಾಯವಾದ ಕಾರಣ ಇದೆ ಅಂತ ಅದೇ ಧರ್ಮಸಭೆಯ ಕಾನೂನಿನ 1153ನೇ ನಿಯಮ ಹೇಳುತ್ತದೆ. ಬಲವಂತದಿಂದ ಒಪ್ಪಿಗೆ ಪಡೆದಿದ್ದರೆ ಆ ಮದುವೆ ಮದುವೆಯೇ ಅಲ್ಲ. ನಮ್ಮ ಲ್ಯಾಟಿನ್ ಕೆಥೊಲಿಕ್ ವಿಧಿಯಲ್ಲಿ ಮದುವೆಯ ಸಂಸ್ಕಾರವನ್ನು ಕೊಡುವವರು ಗಂಡು ಹೆಣ್ಣು ಇಬ್ಬರೇ. ಗುರುಗಳು ಧರ್ಮಸಭೆಯ ಪರವಾಗಿ ಆ ಒಪ್ಪಿಗೆಯನ್ನು ಕೇಳಿ ಸ್ವೀಕರಿಸುತ್ತಾರೆ. ಅಪ್ಪ ಗದರಿಸಿ ಮಗಳನ್ನು ಬಲಿಪೀಠದ ಮುಂದೆ ನಿಲ್ಲಿಸುವ ಕಂತಿನಲ್ಲಿ ಫಾದರ್ ಶಾಂತವಾಗಿ ಉಂಗುರ ಆಶೀರ್ವದಿಸುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

‘ಯಾರಿಗಾದರೂ ಆಕ್ಷೇಪಣೆ ಇದೆಯೇ’ ಅಂದ ತಕ್ಷಣ ಬಾಗಿಲು ತಳ್ಳಿ ನಾಯಕ ಬರುವ ದೃಶ್ಯ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಪದ್ಧತಿಯಿಂದ ಬಂದದ್ದು. ನಮ್ಮಲ್ಲಿ ಮೊದಲೇ ಭಾನುವಾರಗಳಲ್ಲಿ ಮದುವೆಯ ಪ್ರಕಟಣೆ ಓದುತ್ತಾರೆ. ಆಕ್ಷೇಪಣೆ ಇದ್ದವರು ಆಗಲೇ ಹೇಳಬೇಕು.

ದೇಶದ ಕಾನೂನಿನ ಕಥೆಯೂ ಇದರ ಜೊತೆಗೇ ಇದೆ. ಕ್ರೈಸ್ತರ ವಿಚ್ಛೇದನ ಕಾಯ್ದೆ 1869ರದ್ದು. ಅದರಲ್ಲಿ ಗಂಡ ಹೊಡೆಯುತ್ತಾನೆ ಅನ್ನುವುದೊಂದೇ ಕಾರಣಕ್ಕೆ ಹೆಂಡತಿಗೆ ವಿಚ್ಛೇದನ ಸಿಗುತ್ತಿರಲಿಲ್ಲ. ಕ್ರೌರ್ಯದ ಜೊತೆಗೆ ಅವನ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. 2001ರ ತಿದ್ದುಪಡಿ ಬಂದ ಮೇಲೆ ಅದು ಹೋಯಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಇದೆ. ರಕ್ಷಣೆ ಕೋರಿ ಅರ್ಜಿ ಕೊಟ್ಟ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ನಡೆಯಬೇಕು, 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಅದರಲ್ಲಿದೆ. ನ್ಯಾಯಾಲಯಗಳಲ್ಲಿ ಇದಕ್ಕಿಂತ ತಡ ಆಗುವುದು ಉಂಟು. ಆದರೂ ಆದೇಶದ ಆ ಕಾಗದ ಕೈಯಲ್ಲಿದ್ದರೆ ಹೆಂಗಸಿನ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ.

ನಂಬಿಕೆಯನ್ನು ನಿಜವಾಗಿ ತೋರಿಸುವುದು ಟಿವಿಗೆ ಆಗದ ಕೆಲಸವೇನಲ್ಲ. 2017ರಲ್ಲಿ ಬಿಬಿಸಿಯಲ್ಲಿ ‘ಬ್ರೋಕನ್’ ಅಂತ ಆರು ಕಂತಿನ ಒಂದು ಕಥೆ ಬಂತು. ಬರೆದವರು ಜಿಮ್ಮಿ ಮೆಕ್‌ಗವರ್ನ್. ಉತ್ತರ ಇಂಗ್ಲೆಂಡಿನ ಬಡ ಕೇರಿಯೊಂದರ ಗುರುವಾಗಿ ಶಾನ್ ಬೀನ್ ನಟಿಸಿದ್ದಾರೆ. ಚಿಕ್ಕಂದಿನಲ್ಲಿ ದೌರ್ಜನ್ಯ ಅನುಭವಿಸಿದ ಗುರು ಅವರು. ಪೂಜೆಯಲ್ಲಿ ರೊಟ್ಟಿ ಎತ್ತುವ ಗಳಿಗೆಯಲ್ಲೇ ಆ ನೆನಪು ಬಂದು ಕಾಡುತ್ತದೆ. ಕೆಲಸ ಕಳೆದುಕೊಂಡ ಒಬ್ಬ ತಾಯಿ ಇದ್ದಾಳೆ. ಮುದುಕಿ ಅಮ್ಮ ಸತ್ತದ್ದನ್ನು ಪಿಂಚಣಿ ಕೈಗೆ ಬರುವವರೆಗೆ ಮುಚ್ಚಿಡುತ್ತಾಳೆ. ಅವಳು ಮಾಡಿದ್ದು ಸುಳ್ಳು, ಮಾಡಿಸಿದ್ದು ಹಸಿವು. ಎರಡನ್ನೂ ಕಥೆ ಬಿಡದೆ ಹಿಡಿದಿದೆ. ಅಲ್ಲಿ ಪ್ರಾರ್ಥನೆ ಯಾರ ಕಷ್ಟವನ್ನೂ ತಕ್ಷಣ ತೆಗೆದುಬಿಡುವುದಿಲ್ಲ. ನೋಡುತ್ತಾ ನನಗೆ ನಮ್ಮ ಲೈನ್ ಮನೆಗಳೇ ಕಂಡವು.

ನಮ್ಮವರೂ ಇಂಥ ಕಥೆ ಬರೆಯಬಹುದು. ಕಥೆಗೆ ಬೇಕಾದವರು ಇಲ್ಲೇ ಇದ್ದಾರೆ. ಟಿಪ್ಪುವಿನ ಕಾಲದಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಆಸರೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ಶುರುವಾದದ್ದು 1792ರಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಆಮೇಲೆ ಕೊಡಗಿಗೆ ಬಂದು ಆನಂದಪುರದಲ್ಲಿ ನೆಲೆ ನಿಂತ. ಇಷ್ಟಾದ ಮೇಲೂ ಧಾರಾವಾಹಿಯ ಕ್ರೈಸ್ತನಿಗೆ ನೆಟ್ಟಗೆ ಕನ್ನಡ ಬರುವುದಿಲ್ಲ, ಮಾತುಮಾತಿಗೆ ‘ಮ್ಯಾನ್’ ಅನ್ನುತ್ತಾನೆ. ಕೊಂಕಣಿ, ಮಲಯಾಳ, ತಮಿಳು ಮನೆಮಾತಿನ ಇಲ್ಲಿನ ಕ್ರೈಸ್ತರು ಸಂತೆಯಲ್ಲಿ, ಶಾಲೆಯಲ್ಲಿ, ನನ್ನ ಕೋಣೆಯಲ್ಲಿ ಆಡುವುದು ಕನ್ನಡವನ್ನೇ. ಚಿತ್ರಕಥೆ ಬರೆಯುವವರು ಒಂದು ವಾರ ಬಂದು ಇವರ ಮಾತು ಕೇಳಲಿ. ಬಲಿಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಹೆಂಗಸರು ಏನು ಮಾತಾಡುತ್ತಾರೆ ಅಂತ ನಿಂತು ಕೇಳಿದರೂ ಆಯಿತು.

ಆ ಹೆಂಗಸು ಈಗ ಅಮ್ಮನ ಮನೆಯಲ್ಲಿದ್ದಾಳೆ. ಗಂಡನ ಮೇಲೆ ಅವಳಿಗೆ ದ್ವೇಷ ಇಲ್ಲ. ದಿನಾ ಜಪಸರದಲ್ಲಿ ಅವನಿಗಾಗಿ ಒಂದು ಪ್ರಾರ್ಥನೆ ಇದೆಯಂತೆ. ಮೊನ್ನೆ ಅರ್ಜಿ ತುಂಬಲು ಬಂದಾಗ ಕೇಳಿದಳು. “ಅಕ್ಕಾ, ನಾನು ಕೆಲಸ ಮಾಡೋ ತೋಟಕ್ಕೂ ಅವರು ಬರಬಾರದು ಅಂತ ಇದ್ರಲ್ಲಿ ಬರೀಬಹುದಾ?” ಬರೆಯಬಹುದು ಅಂದೆ. ಪೆನ್ನು ತಗೊಂಡು ಅವಳೇ ಬರೆದಳು.