ಪದ ಪರಿಚಯ: ಸಿಂಧುತ್ವ

ಅಕ್ಕನ ಮಗಳು ಮನಶ್ಶಾಸ್ತ್ರದಲ್ಲಿ ಪದವಿ ಓದುತ್ತಿದ್ದಾಳೆ. ಮುಂದಿನ ವಾರ ಸಂಶೋಧನಾ ವಿಧಾನದ ಪರೀಕ್ಷೆ. ಮೊನ್ನೆ ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಫೋನ್ ಮಾಡಿ, ‘ಚಿಕ್ಕಮ್ಮ, ವ್ಯಾಲಿಡಿಟಿಗೆ ನೋಟ್ಸಿನಲ್ಲಿ ಸಾಧುತ್ವ ಎಂದು ಬರೆದುಕೊಂಡಿದ್ದೇನೆ, ಸರಿ ತಾನೇ?’ ಎಂದು ಕೇಳಿದಳು. ನಗು ಬಂತು, ಆದರೆ ತಪ್ಪು ಅವಳದ್ದಲ್ಲ. ತರಗತಿಯಲ್ಲಿ ಮಲಯಾಳದ ‘ಸಾಧುತ’ ಕಿವಿಗೆ ಬೀಳುತ್ತದೆ, ಪುಸ್ತಕದಲ್ಲಿ ಇಂಗ್ಲಿಷಿನ ‘ವ್ಯಾಲಿಡಿಟಿ’ ಇರುತ್ತದೆ, ಅರ್ಥ ಮಾತ್ರ ಕನ್ನಡದಲ್ಲಿ ಆಗಬೇಕು. ಮತ ಎಣಿಕೆಯ ದಿನ ಇಲ್ಲಿ ಒಂದೇ ಹಾಳು ಮತ ಮಲಯಾಳಕ್ಕೆ ‘ಅಸಾಧು’, ಕನ್ನಡಕ್ಕೆ ‘ಅಸಿಂಧು’. ನಮಗೆ ಸಾಧು ಎಂದರೆ ಹಾಯದ ದನ.

ಶಿಕ್ಷಣಶಾಸ್ತ್ರದ ಕನ್ನಡ ಪುಸ್ತಕಗಳಲ್ಲಿ ‘ಸಪ್ರಮಾಣತೆ’ ಎಂಬ ಮಾತೂ ಇದೆ. ನನಗೆ ಸಿಂಧುತ್ವವೇ ಇಷ್ಟ. ನಾಮಪತ್ರವಾಗಲಿ ದಾಖಲೆಯಾಗಲಿ, ಸಿಂಧುವೇ ಎಂದು ಕೇಳುವವರು ಕಾಗದದ ಅಂದವನ್ನು ನೋಡುವುದಿಲ್ಲ; ಹಿಡಿದ ಕೆಲಸಕ್ಕೆ ಅದು ನಡೆಯುತ್ತದೆಯೇ ಎಂದು ನೋಡುತ್ತಾರೆ. ಮನಶ್ಶಾಸ್ತ್ರದಲ್ಲಿಯೂ ಹಾಗೆಯೇ: ಬುದ್ಧಿಯನ್ನೋ ಆತಂಕವನ್ನೋ ಅಳೆಯುತ್ತೇನೆ ಎಂದು ಹೊರಟ ಪರೀಕ್ಷೆ ಅದನ್ನೇ ಅಳೆಯುತ್ತಿದೆಯೇ, ಬಂದ ಅಂಕಕ್ಕೆ ನಾವು ಕೊಡುವ ಅರ್ಥಕ್ಕೆ ಆಧಾರವಿದೆಯೇ ಎಂಬುದು ಸಿಂಧುತ್ವದ ಪ್ರಶ್ನೆ.

ಇದರ ಜೋಡಿ ಪದ ವಿಶ್ವಾಸಾರ್ಹತೆ. ಎರಡನ್ನೂ ಬೆರೆಸಿ ಅಂಕ ಕಳೆದುಕೊಳ್ಳುವವರೇ ಹೆಚ್ಚು. ನಮ್ಮ ಅಂಗಳಕ್ಕೇ ಬನ್ನಿ. ಹರವಿದ ಅಡಕೆ ಪೂರ್ತಿ ಒಣಗಿ ಚಾಲಿಯಾಗಲು ಸುಮಾರು 40 ದಿನ ಬಿಸಿಲು ಬೇಕು. ಅವಸರಪಟ್ಟು 20ನೆಯ ದಿನವೇ ಸುಲಿಸಿ ತೂಗಿದಿರಿ, 50 ಕಿಲೊ ಬಂತು ಎನ್ನೋಣ. ಇಳಿಸಿ ಮತ್ತೆ ಏರಿಸಿದರೂ 50. ಹೀಗೆ ಮತ್ತೆ ಮತ್ತೆ ಅಳೆದಾಗ ಅದೇ ಫಲ ಬರುವುದು ವಿಶ್ವಾಸಾರ್ಹತೆ. ಆದರೆ ‘ನನ್ನಲ್ಲಿ 50 ಕಿಲೊ ಚಾಲಿ ಇದೆ’ ಎಂದು ಪೇಟೆಗೆ ಹೋದರೆ ಅಂಗಡಿಯವರು ಒಂದು ಅಡಕೆಯನ್ನು ಎರಡು ಹೋಳು ಮಾಡಿ, ಒಳಗಿನ ಹಸಿಯನ್ನು ನಿಮ್ಮ ಮೂಗಿನ ಮುಂದೆಯೇ ಹಿಡಿಯುತ್ತಾರೆ. ತಕ್ಕಡಿ ಸುಳ್ಳು ಹೇಳಲಿಲ್ಲ, ಅದು ನೀರನ್ನೂ ಸೇರಿಸಿ ತೂಗಿತು. ಅಸಿಂಧುವಾದದ್ದು ಆ ತೂಕದಿಂದ ನೀವು ತೆಗೆದ ತೀರ್ಮಾನ. ಸಿಂಧುತ್ವ ಪರೀಕ್ಷೆಗೆ ಅಂಟಿದ ಗುಣವಲ್ಲ, ಅಂಕವನ್ನು ಅರ್ಥೈಸುವ ಬಗೆಗೆ ಸೇರಿದ್ದು ಎಂದು ಈಗಿನ ಮನಶ್ಶಾಸ್ತ್ರಜ್ಞರು ಒತ್ತಿ ಹೇಳುವುದು ಇದಕ್ಕೇ.

ಗಡಿನಾಡಿನವರಿಗೆ ಇದು ಹೊಸ ಪಾಠವೇನಲ್ಲ. ಚಿತ್ರಗಳನ್ನು ತೋರಿಸಿ ಪದಜ್ಞಾನ ಅಳೆಯುವ ಪರೀಕ್ಷೆಯೊಂದನ್ನು ಊಹಿಸಿಕೊಳ್ಳಿ. ಮಲಯಾಳಿ ಪರೀಕ್ಷಕರು ‘ನರಿ’ ಎನ್ನುತ್ತಾರೆ. ಕನ್ನಡ ಮನೆಯ ಮಗು ಗುಡ್ಡದಲ್ಲಿ ಊಳಿಡುವ ಪ್ರಾಣಿಯ ಚಿತ್ರಕ್ಕೆ ಬೆರಳಿಡುತ್ತದೆ. ಉತ್ತರ ಮಲಬಾರಿನ ಆಡುಮಾತಿನಲ್ಲಿ ನರಿ ಎಂದರೆ ಹುಲಿ! ನಾಳೆ ಕೇಳಿದರೂ ಮಗುವಿನ ಬೆರಳು ಅಲ್ಲಿಗೇ ಹೋಗುತ್ತದೆ. ವಿಶ್ವಾಸಾರ್ಹತೆಗೆ ಕುಂದಿಲ್ಲ. ಅಳೆದದ್ದು ಮಾತ್ರ ಮಗುವಿನ ಜಾಣತನವನ್ನಲ್ಲ, ಮನೆಮಾತನ್ನು.

1917ರಲ್ಲಿ ಅಮೆರಿಕದ ಸೈನ್ಯದಲ್ಲಿ ನಡೆದದ್ದೂ ಇಂಥದೇ. ಇಂಗ್ಲಿಷ್ ಓದಲು ಬಾರದವರಿಗೆಂದು ‘ಆರ್ಮಿ ಬೀಟಾ’ ಎಂಬ ಚಿತ್ರಪರೀಕ್ಷೆ ಮಾಡಿದರು. ಬಲೆಯಿಲ್ಲದ ಟೆನಿಸ್ ಅಂಗಳದ ಚಿತ್ರ ಕೊಟ್ಟು, ಇಲ್ಲದ್ದನ್ನು ಬರೆದು ತುಂಬಿಸಿ ಎಂದರು. ಟೆನಿಸನ್ನೇ ಕಾಣದ ವಲಸಿಗ ಬಲೆಯನ್ನು ಎಲ್ಲಿಂದ ತರುವುದು? ನಮ್ಮಲ್ಲಿ ಶಿಕ್ಷಣತಜ್ಞ ವಿ. ವಿ. ಕಾಮತರು ಮಕ್ಕಳ ಬುದ್ಧಿಯನ್ನು ಅಳೆಯುವ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿಕೊಟ್ಟದ್ದು ದೊಡ್ಡ ಕೆಲಸವೆಂದು ನಾನು ಎಣಿಸುವುದು ಇದೇ ಕಾರಣಕ್ಕೆ.

ಪರೀಕ್ಷೆಗೆ ಓದುವವರಿಗೆ ಬೇಕಾದ ಸಿಂಧುತ್ವದ ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಪಾಠದ ಎಲ್ಲ ಭಾಗಗಳಿಂದಲೂ ಪ್ರಶ್ನೆ ಬಂದಿದ್ದರೆ ವಿಷಯ ಸಿಂಧುತ್ವ. ಅಂಕಗಳು ಹೊರಗಿನ ಇನ್ನೊಂದು ಮಾನದಂಡದೊಡನೆ, ಈಗಲೋ ಮುಂದೆಯೋ, ಹೊಂದಿಕೊಂಡರೆ ಮಾನದಂಡ ಸಿಂಧುತ್ವ. ಬುದ್ಧಿ, ಆತಂಕಗಳಂಥ ಕಣ್ಣಿಗೆ ಕಾಣದ ಪರಿಕಲ್ಪನೆಯನ್ನೇ ಹಿಡಿದಿದೆಯೇ ಎಂದು ಹಲವು ಕಡೆಯಿಂದ ಪುರಾವೆ ಕೂಡಿಸುವುದು ರಚನಾ ಸಿಂಧುತ್ವ. ಇದನ್ನು 1955ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ರೋನ್‌ಬಾಕ್ ಮತ್ತು ಮೀಲ್ ವಿವರವಾಗಿ ಮಂಡಿಸಿದರು. ಮೇಲ್ನೋಟಕ್ಕೆ ಸರಿ ಕಾಣುವ ಮುಖ ಸಿಂಧುತ್ವವನ್ನು ಪುರಾವೆ ಎಂದು ಬರೆಯಬೇಡಿ. ಒಂದು ಲೆಕ್ಕವನ್ನೂ ನೆನಪಿಡಿ: ವಿಶ್ವಾಸಾರ್ಹತೆಯ ಗುಣಾಂಕ 0.81 ಇದ್ದರೆ ಮಾನದಂಡದೊಡನೆ ಸಹಸಂಬಂಧ (ಎರಡೂ ಅಂಕಗಳು ಜೊತೆಯಾಗಿ ಏರಿಳಿಯುವ ಮಟ್ಟ) ಆ ಗುಣಾಂಕದ ವರ್ಗಮೂಲವಾದ 0.90ನ್ನು ಸಿದ್ಧಾಂತದ ಪ್ರಕಾರ ಮೀರದು.

‘ಆಂತರಿಕ ಸಿಂಧುತ್ವ’ ಎಂದು ಕೇಳಿದರೆ ಮಾತ್ರ ಎಚ್ಚರ. ಅದು ಅಳತೆಯ ಮಾತಲ್ಲ, ಪ್ರಯೋಗದ ಮಾತು: ಬಂದ ಫಲಕ್ಕೆ ನಾವು ಹೇಳುವ ಕಾರಣವೇ ಕಾರಣವೇ ಎಂಬ ಪ್ರಶ್ನೆ. ಯೋಗ ಕಲಿಸಿದ ಮೇಲೆ ಮಕ್ಕಳ ಆತಂಕ ಇಳಿಯಿತು ಎನ್ನುತ್ತೀರಿ. ಎರಡನೆಯ ಸಲ ಅಳೆದದ್ದು ಪರೀಕ್ಷೆ ಮುಗಿದು ಓಣಂ ರಜೆ ಸಿಕ್ಕ ಮೇಲೆ. ಇಳಿಸಿದ್ದು ಯೋಗವೋ ರಜೆಯೋ? ಪ್ರಶ್ನಾವಳಿ ಎಷ್ಟೇ ಸಿಂಧುವಾಗಿದ್ದರೂ ಇದಕ್ಕೆ ಉತ್ತರ ಕೊಡದು. ಅದೇ ರಜೆ ಸಿಕ್ಕಿ ಯೋಗ ಕಲಿಯದ ಇನ್ನೊಂದು ಗುಂಪು ಬೇಕು.